ಜೀಪಿನ ಡೀಸೆಲ್ ಯಾರ ರೊಕ್ಕದ್ದು?



ಕೃಷ್ಣೆ, ಘಟಪ್ರಭೆಯ ದಂಡೆಯ ನಮ್ಮ ಸೀಮೆಯಲ್ಲಿ ಕಬ್ಬಿನ ಹಂಗಾಮು ಶುರುವಾಯಿತೆಂದರೆ ರಸ್ತೆಗಳು ರಾತ್ರಿ ಮಲಗುವುದಿಲ್ಲ. ಒಂದು ಟ್ರ್ಯಾಕ್ಟರು, ಅದರ ಬೆನ್ನಿಗೆ ಎರಡು ಟ್ರೇಲರು, ಮೇಲೆ ಮಾಳಿಗೆಯೆತ್ತರ ಕಬ್ಬು, ಇಂಜಿನ್ನಿನ ಸದ್ದನ್ನೂ ಮೀರಿಸುವ ಹಾಡು. ಹಿಂದಿನ ಟ್ರೇಲರಿಗೆ ಕೆಂಪು ದೀಪ ಇದ್ದರೆ ಅದು ಪುಣ್ಯ. ಎದುರು ಬರುವ ವಾಹನದ ಬೆಳಕು ಕಣ್ಣಿಗೆ ಹೊಡೆದಾಗ, ಮುಂದೆ ಕಬ್ಬಿನ ಗೋಡೆಯೇ ನಿಂತಿದೆ ಎಂಬುದು ಬೈಕಿನವನಿಗೆ ತಿಳಿಯುವುದು ಅದಕ್ಕೆ ಬಡಿದ ಮೇಲೆಯೇ. ಇಂಥ ಸಾವು ಕಾಣದ ಹಂಗಾಮು ನಮ್ಮಲ್ಲಿ ಯಾವುದಿದೆ?

ಇದಕ್ಕೆ ಪೊಲೀಸರು ಮಾಡುವ ಒಂದು ಸಣ್ಣ ಕೆಲಸವನ್ನು ನೀವೂ ನೋಡಿರುತ್ತೀರಿ. ಸಂಜೆಯ ಹೊತ್ತು ನಾಕಾದಲ್ಲಿ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. ಒಬ್ಬ ಕಾನ್‌ಸ್ಟೇಬಲ್ ಟ್ರೇಲರಿನ ಹಿಂದಕ್ಕೆ ಹೋಗಿ, ಜೋತುಬಿದ್ದ ರವದಿ ಸರಿಸಿ, ತಗಡಿಗೆ ಹತ್ತಿದ ಧೂಳನ್ನು ಅಂಗೈಯಿಂದ ಒರೆಸಿ, ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿ ಅಂಟಿಸುತ್ತಾನೆ. "ದೀಪಾ ಎಲ್ಲೈತಪಾ?" ಎಂದರೆ ಚಾಲಕ, "ಕೆಟ್ಟೈತ್ರಿ ಸಾಹೇಬ್ರ, ನಾಳೆ ಹಾಕಸ್ತೀನ್ರಿ" ಅನ್ನುತ್ತಾನೆ. ಆ ನಾಳೆ ಹಂಗಾಮು ಮುಗಿಯುವ ತನಕ ಬರುವುದಿಲ್ಲ. ಆದರೆ ಆ ಪಟ್ಟಿ ರಾತ್ರಿಯೆಲ್ಲ ಹೊಳೆಯುತ್ತದೆ. ಒಂದೆರಡು ಜೀವವನ್ನಾದರೂ ಉಳಿಸುತ್ತದೆ.

ಇಷ್ಟು ಹೇಳಿ ನಾನು ನಿಮ್ಮ ಮುಂದಿಡುವ ಪ್ರಶ್ನೆ ಇದು. ಆ ಪಟ್ಟಿಯ ರೊಕ್ಕ ಯಾರದ್ದು? ಸರ್ಕಾರದ್ದೋ, ಕಾರ್ಖಾನೆಯದ್ದೋ, ಯಾವುದೋ ಸಂಘದ್ದೋ, ಇಲ್ಲ ಆ ಕಾನ್‌ಸ್ಟೇಬಲ್ಲನ ಕಿಸೆಯದ್ದೋ? ಪಟ್ಟಿಯ ಮಟ್ಟಿಗೆ ಯಾರದ್ದಾದರೂ ನಡೆದೀತು. ಇದೇ ಪ್ರಶ್ನೆಯನ್ನು ಜೀಪಿನ ಡೀಸೆಲ್ಲಿಗೆ, ಠಾಣೆಯ ಕಾಗದಕ್ಕೆ, ಬಂದೋಬಸ್ತಿನ ಊಟಕ್ಕೆ ಕೇಳಿದರೆ ಮಾತು ಹಗುರವಾಗಿ ಉಳಿಯುವುದಿಲ್ಲ.

ಪೊಲೀಸರಿಗೆ ಎಷ್ಟು ಹಣ ಕೊಡಬೇಕು ಎಂಬ ಜಗಳ ಈಗ ಜಗತ್ತಿನ ತುಂಬ ನಡೆದಿದೆ. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ಮನುಷ್ಯನ ಕುತ್ತಿಗೆಯ ಮೇಲೆ ಪೊಲೀಸನೊಬ್ಬ ಮೊಣಕಾಲೂರಿ ಕುಳಿತು ಕೊಂದದ್ದನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿದೆವು. ಆಗ ಅಲ್ಲಿ ಎದ್ದ ಕೂಗು, ಪೊಲೀಸರಿಗೆ ಕೊಡುವ ಹಣ ನಿಲ್ಲಿಸಿ, ಅದನ್ನು ಮನೆ, ಶಾಲೆ, ಆಸ್ಪತ್ರೆಗೆ ಹಾಕಿ ಎಂಬುದು. ಮರುವರ್ಷದ ನವೆಂಬರಿನಲ್ಲಿ ಅದೇ ನಗರದವರು ಮತ ಹಾಕಿದರು. ಪೊಲೀಸ್ ಇಲಾಖೆಯ ಜಾಗದಲ್ಲಿ ಬೇರೊಂದು ಸಾರ್ವಜನಿಕ ಸುರಕ್ಷತಾ ಇಲಾಖೆ ತರುವ ಪ್ರಸ್ತಾವ ಬಿದ್ದುಹೋಯಿತು. ಪೊಲೀಸರ ಮೇಲೆ ಸಿಟ್ಟು, ಆದರೆ ಪೊಲೀಸರಿಲ್ಲದಿದ್ದರೆ ಹೇಗೆ ಎಂಬ ಅಂಜಿಕೆ. ಅಮೆರಿಕದವರಿಗೇನು, ನಮ್ಮ ಬನಹಟ್ಟಿಯ ಚಹಾದಂಗಡಿಯಲ್ಲಿ ಕೂತವರಿಗೂ ಇವೆರಡೂ ಒಟ್ಟಿಗೇ ಇವೆ. "ಪೊಲೀಸರಿಗೆ ಇನ್ನೂ ರೊಕ್ಕ ಯಾಕ ಬೇಕೋ ಮಾರಾಯಾ" ಎಂದವನೇ, ರಾತ್ರಿ ಓಣಿಯಲ್ಲಿ ಕಳ್ಳರು ಬಂದರೆಂದರೆ "ಪೊಲೀಸರು ಎಲ್ಲಿ ಸತ್ತಾರ" ಎನ್ನುತ್ತಾನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚು ಕೊಡಬೇಕೋ ಕಡಿಮೆ ಕೊಡಬೇಕೋ ಎಂಬುದು ಎರಡನೆಯ ಪ್ರಶ್ನೆ. ಖಜಾನೆಯಿಂದ ಕೊಡಬೇಕಾದದ್ದನ್ನು ಕೊಡದೆ ಬಿಟ್ಟಾಗ ಅದನ್ನು ಬೇರೆ ಯಾರು ಕೊಡುತ್ತಾರೆ ಎಂಬುದು ಮೊದಲನೆಯದು. ಪೊಲೀಸರ ಖರ್ಚು ಯಾರು ನೋಡಿಕೊಳ್ಳುತ್ತಾರೋ ಪೊಲೀಸರು ಅವರ ಮುಖ ನೋಡುತ್ತಾರೆ. ಇದಕ್ಕೆ ನಮ್ಮ ಸೀಮೆಯ ಚರಿತ್ರೆಯೇ ಸಾಕ್ಷಿ.

ಇಂದು ನಾವು ಒಂದೇ ಉಸಿರಿನಲ್ಲಿ ಹೇಳುವ ಈ ಊರುಗಳು 1948ರ ತನಕ ಬೇರೆ ಬೇರೆ ದೊರೆಗಳವು. ಜಮಖಂಡಿ, ಬನಹಟ್ಟಿ ಪಟವರ್ಧನರ ಜಮಖಂಡಿ ಸಂಸ್ಥಾನ. ಮುಧೋಳ, ಮಹಾಲಿಂಗಪುರ ಘೋರ್ಪಡೆಯವರ ಮುಧೋಳ ಸಂಸ್ಥಾನ. ರಬಕವಿ, ತೇರದಾಳ ಸಾಂಗಲಿಯವರದ್ದು. ಬೀಳಗಿ ನೇರ ಬ್ರಿಟಿಷರದ್ದು. ರಬಕವಿ ಎಲ್ಲಿ ಮುಗಿಯಿತು, ಬನಹಟ್ಟಿ ಎಲ್ಲಿ ಶುರುವಾಯಿತು ಎಂಬುದು ಈಗ ಹೊಸಬರಿಗೆ ತಿಳಿಯುವುದೇ ಇಲ್ಲ. ಎರಡಕ್ಕೂ ಸೇರಿ ಒಂದೇ ನಗರಸಭೆ, ಒಂದೇ ತಾಲ್ಲೂಕು. ಅಂದು ಆ ಓಣಿ ದಾಟಿದರೆ ರಾಜ ಬೇರೆ, ಕಚೇರಿ ಬೇರೆ, ಸಿಪಾಯಿ ಬೇರೆ. ಕದ್ದವನು ನಡೆದುಕೊಂಡೇ ಇನ್ನೊಂದು ರಾಜ್ಯ ಸೇರಬಹುದಿತ್ತು. ಸಿಪಾಯಿಯ ಪಗಾರ ಅರಮನೆಯಿಂದ ಬರುತ್ತಿತ್ತು. ಅವನ ನಿಷ್ಠೆಯೂ ಅಲ್ಲಿಗೇ ಹೋಗುತ್ತಿತ್ತು. ಒಳ್ಳೆಯ ದೊರೆ ಇದ್ದರೆ ಒಳ್ಳೆಯ ಪೊಲೀಸು, ಇಲ್ಲದಿದ್ದರೆ ಇಲ್ಲ.

ಇನ್ನು ಮುಧೋಳ ತಾಲ್ಲೂಕಿನ ಹಲಗಲಿ. 1857ರಲ್ಲಿ ಬ್ರಿಟಿಷ್ ಸರ್ಕಾರ ನಿಶ್ಶಸ್ತ್ರೀಕರಣದ ಕಾಯ್ದೆ ತಂದಿತು: ಪರವಾನಗಿ ಇಲ್ಲದೆ ಯಾರೂ ಹತಿಯಾರು ಇಟ್ಟುಕೊಳ್ಳುವಂತಿಲ್ಲ. ಅಲ್ಲಿನ ಬೇಡರಿಗೆ ಹತಿಯಾರೆಂದರೆ ಹೊಟ್ಟೆಪಾಡು, ಮಾನ ಎರಡೂ. ಕೊಡುವುದಿಲ್ಲ ಎಂದರು. ನವೆಂಬರಿನ ಕೊನೆಗೆ ಕುದುರೆ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರ್ 11ರಂದು ಮುಧೋಳದಲ್ಲಿ, ಸಂತೆಗೆ ಬಂದ ಮಂದಿಯ ಕಣ್ಣೆದುರು 13 ಜನರನ್ನು ಗಲ್ಲಿಗೇರಿಸಿದರು. ಉಳಿದ 6 ಜನರನ್ನು 14ರಂದು ಹಲಗಲಿಯಲ್ಲೇ. ಅವರ ಲಾವಣಿಯನ್ನು ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯೇ ಸಂಗ್ರಹಿಸಿ ಅಚ್ಚು ಹಾಕಿಸಿದ. ನಮ್ಮ ಮಕ್ಕಳು ಶಾಲೆಯ ಪುಸ್ತಕದಲ್ಲಿ ಅದನ್ನು ಓದುತ್ತಾರೆ. ನಾನು ಇಲ್ಲಿ ಹೇಳಬೇಕಾದ್ದು ಇಷ್ಟೇ: ಹಲಗಲಿಯಲ್ಲಿ ನಡೆದದ್ದೆಲ್ಲ ಕಾಯ್ದೆಯ ಹೆಸರಿನಲ್ಲೇ ನಡೆಯಿತು. ಕಾಯ್ದೆ ಇತ್ತು, ಹುಕುಮು ಇತ್ತು, ವಿಚಾರಣೆ ಎಂದು ಕರೆದದ್ದೂ ಒಂದಿತ್ತು. ಆಳುವವನ ಕೈಯಲ್ಲಿ ಕಾಯ್ದೆ ಇರುವುದು ಒಂದು. ಆಳುವವನೇ ಕಾಯ್ದೆಯ ಕೆಳಗಿರುವುದು ಇನ್ನೊಂದು. ನಮ್ಮ ಸಂವಿಧಾನದ 14ನೆಯ ವಿಧಿ ಹೇಳುವುದು ಎರಡನೆಯದನ್ನು.

1857ರ ದಂಗೆಯ ಬೆನ್ನಿಗೇ 1861ರ ಪೊಲೀಸ್ ಕಾಯ್ದೆ ಬಂತು. ಅದರ 15ನೆಯ ಕಲಮು ವಿಚಿತ್ರವಾದದ್ದು. ಯಾವುದಾದರೂ ಊರಿನಲ್ಲಿ ಗಲಾಟೆಯಾದರೆ ಅಲ್ಲಿ ಹೆಚ್ಚಿನ ಪೊಲೀಸರನ್ನು ಕೂಡಿಸಬಹುದು, ಅವರ ಖರ್ಚನ್ನು ಆ ಊರವರಿಂದಲೇ ವಸೂಲು ಮಾಡಬಹುದು ಎಂದು ಅದರ ತಾತ್ಪರ್ಯ. ಮುಂಬಯಿ ಪ್ರಾಂತ್ಯದ 1890ರ ಕಾಯ್ದೆಯಲ್ಲೂ ಇಂಥದೇ ಏರ್ಪಾಡು. 1897ರಲ್ಲಿ ಪುಣೆಯಲ್ಲಿ ಪ್ಲೇಗಿನ ಅಧಿಕಾರಿ ರ‍್ಯಾಂಡ್ ಕೊಲೆಯಾದಾಗ ಆ ಊರಿನ ಮೇಲೆ ಹೀಗೆಯೇ ದಂಡದ ಪೊಲೀಸರನ್ನು ಹೇರಿದರು. ತಮ್ಮನ್ನು ಬಡಿಯುವ ಲಾಠಿಯ ಕಿಮ್ಮತ್ತನ್ನು ತಾವೇ ಕೊಡಬೇಕಾದ ಜನ ಆ ಪೊಲೀಸರನ್ನು ತಮ್ಮವರೆಂದು ಹೇಗೆ ತಿಳಿದಾರು?

ತಿಳಿಯಲಿಲ್ಲ ಎಂಬುದಕ್ಕೆ ಸಿಂಧೂರ ಲಕ್ಷ್ಮಣನೇ ಸಾಕ್ಷಿ. ಜತ್ತ ಸೀಮೆಯ ಸಿಂಧೂರಿನ ಆ ಬಂಡುಕೋರ, ಬೀಳಗಿ ಸೀಮೆಯ ಗುಡ್ಡಗಳಲ್ಲಿ ತಲೆಮರೆಸಿಕೊಂಡು ತಿರುಗಿ, ಕೊನೆಗೆ ಮೋಸದಲ್ಲಿ ಸಿಕ್ಕು ಪೊಲೀಸರ ಗುಂಡಿಗೆ ಬಿದ್ದ. ಅವನ ಮೇಲಿನ ನಾಟಕವನ್ನು ನಮ್ಮ ಕಂಪನಿಗಳು ಆಡುತ್ತಲೇ ಬಂದಿವೆ. ಜಾತ್ರೆಯ ಥಿಯೇಟರಿನಲ್ಲಿ ಚಪ್ಪಾಳೆ, ಸಿಳ್ಳೆ ಬೀಳುವುದು ಲಕ್ಷ್ಮಣನಿಗೆ. ಫೌಜದಾರನ ಪಾತ್ರದವನಿಗೆ ಬೈಗುಳ. ಮಜಾ ಎಂದರೆ ಹೊರಗೆ ಗೇಟಿನಲ್ಲಿ ಬಂದೋಬಸ್ತಿಗೆ ನಿಂತ ಪೊಲೀಸಪ್ಪನೂ ಇಣುಕಿ ನೋಡಿ ಲಕ್ಷ್ಮಣನಿಗೇ ಚಪ್ಪಾಳೆ ತಟ್ಟುತ್ತಾನೆ.

ಊರಿನ ಮಟ್ಟದಲ್ಲಿ ಆಗ ಪೊಲೀಸ ಪಾಟೀಲ, ತಳವಾರ, ವಾಲಿಕಾರ ಇದ್ದರು. ವತನದ ಹೊಲ ಅವರ ಪಗಾರ. ಅನುಕೂಲವೂ ಇತ್ತು, ಜಾತಿಯ ದರ್ಪವೂ ಇತ್ತು. ಅದನ್ನು ಹೊಗಳಿ ಹಾಡುವ ಅವಶ್ಯಕತೆಯಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ನಮ್ಮ ಕಡೆ ಆ ಪದ್ಧತಿ ಹೋಯಿತು. ಪೊಲೀಸಪಾಟೀಲ ಎಂಬ ಅಡ್ಡಹೆಸರು ಮಾತ್ರ ಉಳಿಯಿತು. ಗಡಿಯಾಚೆ ಮಹಾರಾಷ್ಟ್ರದಲ್ಲಿ 1967ರ ಗ್ರಾಮ ಪೊಲೀಸ್ ಕಾಯ್ದೆಯಡಿ ಪೊಲೀಸ ಪಾಟೀಲ ಇನ್ನೂ ಇದ್ದಾನೆ, ಸರ್ಕಾರದಿಂದ ಮಾನಧನ ಪಡೆಯುತ್ತಾನೆ. ನಮ್ಮಲ್ಲಿ ಆ ಜಾಗ ತುಂಬಲು ಬೀಟ್ ಪೊಲೀಸರು ಬಂದರು. 2017ರಲ್ಲಿ ಬೀಟ್ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿದರು. 2025ರ ಜುಲೈಯಲ್ಲಿ 'ಮನೆ ಮನೆಗೆ ಪೊಲೀಸ್' ಎಂಬ ಯೋಜನೆ ಬಂತು. ಬೀಟಿನ ಪೊಲೀಸ ತಾನೇ ಮನೆ ಬಾಗಿಲಿಗೆ ಬಂದು ನಿಮ್ಮ ಅಡಚಣೆ ಏನೆಂದು ಕೇಳಬೇಕು. ಒಳ್ಳೆಯ ವಿಚಾರ. ಆದರೆ ಬಾಗಿಲಿಗೆ ಬರುವ ಕಾಲು ಎಷ್ಟಿವೆ?

ಇಲ್ಲಿಂದ ಲೆಕ್ಕಕ್ಕೆ ಬರೋಣ. ನಮ್ಮ ಸಂವಿಧಾನದಲ್ಲಿ ಪೊಲೀಸ್ ಎಂಬುದು ರಾಜ್ಯದ ವಿಷಯ. ಖರ್ಚು, ನೇಮಕಾತಿ, ವರ್ಗಾವಣೆ ಎಲ್ಲ ಬೆಂಗಳೂರಿನ ಕೈಯಲ್ಲಿ. 2025ರ ಇಂಡಿಯಾ ಜಸ್ಟೀಸ್ ವರದಿಯ ಪ್ರಕಾರ ದೇಶದಲ್ಲಿ ಒಂದು ಲಕ್ಷ ಜನಕ್ಕೆ ಮಂಜೂರಾದ ಪೊಲೀಸರು 197; ಇರುವವರು 155. ಪೊಲೀಸ್ ಬಜೆಟ್ಟಿನಲ್ಲಿ ತರಬೇತಿಗೆ ಹೋಗುವುದು ಬರೀ ಶೇಕಡಾ 1.25. ಅದೇ ವರದಿಯಲ್ಲಿ ದೊಡ್ಡ ರಾಜ್ಯಗಳ ಪೈಕಿ ನ್ಯಾಯವ್ಯವಸ್ಥೆಯ ಒಟ್ಟು ಸಾಮರ್ಥ್ಯದಲ್ಲಿ ಮೊದಲ ಸ್ಥಾನ ಕರ್ನಾಟಕದ್ದು. ಹೆಮ್ಮೆಯೇನೋ ಸರಿ. ಮೊದಲ ಸ್ಥಾನದವರ ಠಾಣೆಯಲ್ಲೇ ರಾತ್ರಿ ಪಾಳಿಗೆ ಮಂದಿ ಸಾಲದಿದ್ದರೆ ಕೊನೆಯ ಸ್ಥಾನದವರ ಗತಿ ಏನಿರಬಹುದು ಎಂಬುದು ನನ್ನ ಚಿಂತೆ.

ಬಜೆಟ್ಟಿನ ದೊಡ್ಡ ಪಾಲು ಪಗಾರಕ್ಕೇ ಹೋಗುತ್ತದೆ. ಹಾಗೆಂದು ಪಗಾರ ಜಾಸ್ತಿಯಾಯಿತೇ? 2016ರ ಜೂನ್ 4 ನೆನಪಿರಬಹುದು. ಅಂದು ರಾಜ್ಯದ ಪೊಲೀಸ್ ಪೇದೆಗಳು ಸಾಮೂಹಿಕ ರಜೆ ಹಾಕುತ್ತೇವೆ ಎಂದಿದ್ದರು. ವಾರದ ರಜೆ ಇಲ್ಲ, ಕೆಲಸಕ್ಕೆ ಹೊತ್ತಿಲ್ಲ, ಪಗಾರ ಕಡಿಮೆ, ಮೇಲಿನವರ ಕಿರುಕುಳ ಎಂಬುದು ಅವರ ತಕರಾರು. ಪೊಲೀಸರು ಮುಷ್ಕರ ಹೂಡುವಂತಿಲ್ಲ, ಮನಸ್ಸಿಗೆ ಬಂದಂತೆ ಸಂಘ ಕಟ್ಟುವಂತಿಲ್ಲ. 1966ರ ಒಂದು ಕೇಂದ್ರ ಕಾಯ್ದೆ ಅವರ ಕೈ ಕಟ್ಟಿದೆ. ಸರ್ಕಾರ ಅಗತ್ಯ ಸೇವೆಗಳ ಕಾಯ್ದೆ ಎಸ್ಮಾ ಜಾರಿ ಮಾಡಿತು. ಮುಂದಾಳುವಿನ ಮೇಲೆ ರಾಜದ್ರೋಹದ ಕೇಸು ಬಿತ್ತು. ಪಗಾರ ಕೇಳಿದವನು ರಾಜದ್ರೋಹಿ! ಆಮೇಲೆ ಅದೇ ಸರ್ಕಾರ ರಾಘವೇಂದ್ರ ಔರಾದ್ಕರ್ ಸಮಿತಿಯನ್ನು ನೇಮಿಸಿತು. ಸಮಿತಿ ಆ ವರ್ಷವೇ ವರದಿ ಕೊಟ್ಟಿತು. ಅದರ ಫಲವಾಗಿ ಪಗಾರ ಏರಿದ್ದು 2019ರಲ್ಲಿ. ಅಂದರೆ ಬೇಡಿಕೆ ನ್ಯಾಯದ್ದೇ ಆಗಿತ್ತು.

ಅದರ ನಂತರ ಒಂದಿಷ್ಟು ಸುಧಾರಣೆ ಕಂಡಿದೆ. 2025ರ ಅಕ್ಟೋಬರಿನಲ್ಲಿ ಪೇದೆಗಳ ತಲೆಯ ಮೇಲಿನ ಹಳೆಯ ಸ್ಲೋಚ್ ಹ್ಯಾಟ್ ಹೋಗಿ ನೀಲಿ ಪೀಕ್ ಕ್ಯಾಪ್ ಬಂತು. ಒಂದು ಮಗ್ಗುಲು ಮಡಚಿದ ಆ ಹ್ಯಾಟು ಓಡುವಾಗ ಬೀಳುತ್ತಿತ್ತು. ಕಳ್ಳನನ್ನು ಹಿಡಿಯಬೇಕೋ ಹ್ಯಾಟನ್ನೋ ಎಂಬ ಪರಿಸ್ಥಿತಿ. ಹೊಸ ಟೋಪಿ ಚೆನ್ನಾಗಿದೆ. ಟೋಪಿಯ ಕೆಳಗಿನ ಮನುಷ್ಯ ನಿದ್ದೆ ಮಾಡಿದ್ದಾನೋ ಇಲ್ಲವೋ ಅದನ್ನೂ ಯಾರಾದರೂ ನೋಡಬೇಕು.

ರೊಕ್ಕ ಇದ್ದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ನಾನು ಪಿಎಸ್‌ಐ ನೇಮಕಾತಿಯ ಹಗರಣ ತೋರಿಸುತ್ತೇನೆ. 545 ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಹುದ್ದೆ ಮಂಜೂರಾಗಿತ್ತು, ಹಣವೂ ಇತ್ತು. ಕಲಬುರಗಿಯ ಒಂದು ಪರೀಕ್ಷಾ ಕೇಂದ್ರದಲ್ಲಿ ಓಎಂಆರ್ ಹಾಳೆ ತಿದ್ದಿದ್ದು ಹೊರಬಿತ್ತು. ನೇಮಕಾತಿಯ ಉಸ್ತುವಾರಿ ಹೊತ್ತ ಹಿರಿಯ ಐಪಿಎಸ್ ಅಧಿಕಾರಿಯೇ ಬಂಧನಕ್ಕೊಳಗಾದರು. 2022ರ ಏಪ್ರಿಲಿನಲ್ಲಿ ಪಟ್ಟಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಈ ಎರಡು ವರ್ಷಕ್ಕೂ ಮೀರಿ ಎಷ್ಟು ಠಾಣೆಗಳು ಫೌಜದಾರರಿಲ್ಲದೆ ನಡೆದವು! ಹಗಲೂ ರಾತ್ರಿ ಓದಿ, ತಪ್ಪೇ ಮಾಡದೆ ಪಾಸಾದ ಹುಡುಗರು ಏನು ಪಾಪ ಮಾಡಿದ್ದರು? ರೊಕ್ಕ ಕೊಟ್ಟು ನೌಕರಿ ಹಿಡಿದವನು ಆ ರೊಕ್ಕವನ್ನು ಫಿರ್ಯಾದಿಯಿಂದಲ್ಲದೆ ಇನ್ನೆಲ್ಲಿಂದ ತೆಗೆಯುತ್ತಾನೆ?

ಈಗ ಠಾಣೆಯ ಒಳಗೆ ಹೋಗೋಣ.

ನಮ್ಮ ಹೊಳೆದಂಡೆಯ ರೈತರಿಗೆ ಗೊತ್ತಿರುವ ಕಷ್ಟ ಮೋಟರಿನ ಕಳುವು, ಕೇಬಲ್ಲಿನ ಕಳುವು. ರಾತ್ರಿ ಬಂದು ಕೇಬಲ್ ಕೊಯ್ದು, ಸುಟ್ಟು, ಒಳಗಿನ ತಾಮ್ರ ತೆಗೆದುಕೊಂಡು ಹೋಗುತ್ತಾರೆ. ಕರಕಲು ರಬ್ಬರಿನ ವಾಸನೆ ಬೆಳಗ್ಗೆ ಗದ್ದೆಯ ಮೇಲೆ ಇನ್ನೂ ಇರುತ್ತದೆ. ರೈತ ಠಾಣೆಗೆ ಬರುತ್ತಾನೆ ಅನ್ನಿ. ಮೊದಲ ಮಾತು: "ಅಜ್ಜಾ, ನಿನ್ನ ಹೊಲ ಯಾವ ಠಾಣೆ ಹದ್ದಿಗೆ ಬರ್ತೈತಿ?" ಅದು ಬಗೆಹರಿದರೆ, "ಎಷ್ಟರ ಮಾಲು? ಬಿಲ್ ಐತೇನು?" ಕೇಬಲ್ ತಂದು ಎಷ್ಟೋ ವರ್ಷವಾಗಿದೆ, ಬಿಲ್ಲು ಇಲಿ ತಿಂದಿರುತ್ತದೆ. ಆಮೇಲೆ ರೈಟರ್ ಸಾಹೇಬರು ತಲೆ ಎತ್ತದೆ, "ಹೊರಗ ಅಂಗಡ್ಯಾಗ ಒಂದು ರೀಮು ಕಾಗದ ತಗೊಂಡು ಬಾ" ಎನ್ನುತ್ತಾರೆ. ಪಂಚನಾಮೆಗೆ ಹೊಲಕ್ಕೆ ಬರಬೇಕು, ಜೀಪು ಬಂದೋಬಸ್ತಿಗೆ ಹೋಗಿದೆ. ರೈತನ ಮಗನೇ ಮೋಟರ್ ಸೈಕಲ್ ತಂದು ಹವಾಲ್ದಾರರನ್ನು ಕೂಡಿಸಿಕೊಂಡು ಹೋಗುತ್ತಾನೆ. ಪೆಟ್ರೋಲು ಅವನದ್ದು, ಪಂಚರ ಚಹಾ ಅವನದ್ದು. ದಾರಿಯ ಅಂಗಡಿಯ ಸಿಸಿಟಿವಿಯ ಚಿತ್ರ ಬೇಕೆಂದರೆ ಪೆನ್‌ಡ್ರೈವೂ ಅವನದ್ದೇ. ಇಷ್ಟರಲ್ಲಿ ರೈತ ಲೆಕ್ಕ ಹಾಕುತ್ತಾನೆ: ಹೊಸ ಕೇಬಲ್ಲೇ ಅಗ್ಗ.

ಎಲ್ಲ ಠಾಣೆಯೂ ಹೀಗೆ ಎಂದು ನಾನು ಹೇಳುವುದಿಲ್ಲ. ಅಜ್ಜನಿಗೆ ಕುರ್ಚಿ ಹಾಕಿ, ನೀರು ಕೊಟ್ಟು, ತಾವೇ ಬರೆದುಕೊಂಡು ಕೈಗೆ ಪ್ರತಿ ಕೊಡುವವರೂ ಇದ್ದಾರೆ. ಮತ್ತೆ, ರೀಮು ತರಲು ಹೇಳುವ ರೈಟರ್ ಲಂಚಕೋರನೇ ಆಗಿರಬೇಕೆಂದಿಲ್ಲ. ಒಂದು ಚಾರ್ಜ್‌ಶೀಟಿಗೆ ಎಷ್ಟು ಪ್ರತಿ ಬೇಕು, ಪ್ರಿಂಟರಿನ ಶಾಯಿಗೆ ಎಷ್ಟು ಬೇಕು, ಆರೋಪಿಯನ್ನು ಹುಡುಕಿಕೊಂಡು ಇಚಲಕರಂಜಿಗೋ ಮಿರಜಿಗೋ ಹೋಗಿಬರಲು ಎಷ್ಟು ಬೇಕು ಎಂದು ಅವನನ್ನು ಕೂಡಿಸಿ ಕೇಳಿ ನೋಡಿ. ಬಿಲ್ಲು ಹಾಕಿದರೆ ಮಂಜೂರಾಗಿ ಬರುವ ಹೊತ್ತಿಗೆ ಅವನಿಗೆ ವರ್ಗವಾಗಿರುತ್ತದೆ. ಖಜಾನೆ ಕೊಡದ ಈ ಸಣ್ಣ ಖರ್ಚು ಹೊಲದ ಬದುವಿನ ಒಂದು ಬಿಲ ಇದ್ದಂತೆ. ನೀರೆಲ್ಲ ಅಲ್ಲಿಂದಲೇ ಹೋಗುತ್ತದೆ. ಇವತ್ತು ರೀಮು ಕೊಟ್ಟವನು ಬಡ ಫಿರ್ಯಾದಿ. ನಾಳೆ ಟೈರು ಹಾಕಿಸಿಕೊಟ್ಟವನು ಮರಳಿನ ಧಂದೆಯವನು, ಠಾಣೆಗೆ ಬಣ್ಣ ಬಳಿಸಿಕೊಟ್ಟವನು ಮಟ್ಕಾ ನಡೆಸುವವನು ಆದರೆ? ಅವನ ಮೇಲೆ ಕೇಸು ಬರೆಯುವ ಕೈ ಅಳುಕದೆ ಇದ್ದೀತೇ?

ಖಾಸಗಿಯವರು ಪೊಲೀಸರಿಗೆ ಹಣ ಕೊಡಲೇಬಾರದೆಂದಲ್ಲ. ಬಂದೋಬಸ್ತು ಬೇಕೆಂದು ಅರ್ಜಿ ಹಾಕಿ, ಸರ್ಕಾರ ಹೇಳಿದಷ್ಟು ಹಣ ಕಟ್ಟಿ, ರಸೀದಿ ಪಡೆಯುವ ದಾರಿ ಇದೆ. ಆ ಹಣ ಖಜಾನೆಗೆ ಹೋಗುತ್ತದೆ, ಠಾಣೆಯ ಡ್ರಾವರಿಗಲ್ಲ.

ಕಬ್ಬಿನ ಗಲಾಟೆಯನ್ನು ಹೇಳದೆ ಈ ಮಾತು ಮುಗಿಯುವುದಿಲ್ಲ. 2025ರ ನವೆಂಬರಿನಲ್ಲಿ ಮುಧೋಳ ಭಾಗದ ರೈತರು ಟನ್ನಿಗೆ 3,500 ರೂಪಾಯಿ ಕೇಳುತ್ತಿದ್ದರು. ಸರ್ಕಾರ 3,300ಕ್ಕೆ ನಿಂತಿತ್ತು. 13ರ ಸಂಜೆ ಮಹಾಲಿಂಗಪುರದ ಬಳಿಯ ಸಮೀರವಾಡಿಯಲ್ಲಿ ಕಬ್ಬು ಹೇರಿಕೊಂಡು ನಿಂತಿದ್ದ ಟ್ರ್ಯಾಕ್ಟರ್, ಟ್ರೇಲರುಗಳಿಗೆ ಬೆಂಕಿ ಬಿತ್ತು. ಕಲ್ಲು ಹಾರಿದವು, ಪೊಲೀಸ್ ಅಧಿಕಾರಿಯೂ ಗಾಯಗೊಂಡರು. ಬೆಂಕಿ ಹಚ್ಚಿದವರು ನಾವಲ್ಲ ಎಂದರು ರೈತ ಮುಖಂಡರು. ಹಚ್ಚಿದವರು ಯಾರೇ ಇರಲಿ, ಸುಟ್ಟದ್ದು ಯಾರೋ ರೈತ ಬೆಳೆದ ಕಬ್ಬು, ಯಾರೋ ಸಾಲ ಮಾಡಿ ತಂದ ಟ್ರ್ಯಾಕ್ಟರು. ಅದಕ್ಕೆ ತನಿಖೆ ನಡೆಯಬೇಕು, ಶಿಕ್ಷೆಯಾಗಬೇಕು. ಇದರಲ್ಲಿ ಎರಡು ಮಾತಿಲ್ಲ.

ಆದರೆ ಕಾಯ್ದೆಯ ಆಳಿಕೆ ಎಂದರೆ ಬರೀ ಅಷ್ಟೇ ಅಲ್ಲ. 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ, ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ರೈತನಿಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಸೇರಿಸಬೇಕು ಎಂದಿದೆ. ಅದೂ ಕಾಯ್ದೆಯೇ. ಹದಿನೈದನೆಯ ದಿನ ಯಾವ ಕಾರ್ಖಾನೆಯ ಗೇಟಿಗೆ ಯಾವ ಅಧಿಕಾರಿ ಹೋಗಿ ನಿಂತಿದ್ದಾನೆ? ಆ ಬಡ್ಡಿಯನ್ನು ಕೈಯಲ್ಲಿ ಎಣಿಸಿದ ರೈತರು ನಿಮ್ಮ ಊರಿನಲ್ಲಿ ಎಷ್ಟು ಜನ? ಹದಿನಾಲ್ಕು ದಿನದ ಕಾಯ್ದೆ ಮುರಿದಾಗ ಜಿಲ್ಲಾಧಿಕಾರಿಗೆ ಅರ್ಜಿ, ಸಕ್ಕರೆ ಆಯುಕ್ತರಿಗೆ ಅರ್ಜಿ, ಸಭೆ, ಮತ್ತೊಂದು ಸಭೆ. ರೈತ ರಸ್ತೆಯಲ್ಲಿ ಕೂತಾಗ ಮಾತ್ರ ಅರ್ಧ ತಾಸಿನಲ್ಲಿ ಪೊಲೀಸ್ ವ್ಯಾನು, ನಿಷೇಧಾಜ್ಞೆ. ಪೇದೆಯದ್ದೇನೂ ತಪ್ಪಿಲ್ಲ, ಅವನೂ ಬಹುಪಾಲು ರೈತನ ಮಗನೇ, ಅವನಪ್ಪನ ಬಿಲ್ಲೂ ಬಾಕಿ ಇದ್ದೀತು. ಮೊದಲನೆಯ ಕಾಯ್ದೆಯನ್ನು ಹೊತ್ತಿಗೆ ಸರಿಯಾಗಿ ನಡೆಸಿದ್ದರೆ ಎರಡನೆಯದಕ್ಕೆ ಅಷ್ಟು ಲಾಠಿ, ಅಷ್ಟು ಡೀಸೆಲ್, ಅಷ್ಟು ರಾತ್ರಿಗಳ ಬಂದೋಬಸ್ತು ಬೇಕಾಗುತ್ತಿರಲಿಲ್ಲ. ಪೊಲೀಸ್ ಖರ್ಚು ಉಳಿಸುವ ದಾರಿ ಬೇಕಾದವರು ಇದನ್ನು ನೋಡಲಿ. ಅಮೆರಿಕದವರು ಕೂಗಿದ್ದರಲ್ಲಿ ಇದೊಂದು ಮಾತು ನನಗೂ ಒಪ್ಪಿಗೆ: ಬೇರೆ ಇಲಾಖೆಗಳು ಮಾಡದೆ ಬಿಟ್ಟ ಕೆಲಸವೆಲ್ಲ ಕೊನೆಗೆ ಪೊಲೀಸರ ತಲೆಗೆ ಬೀಳುತ್ತದೆ.

ಇನ್ನು ಫೌಜದಾರರ ವರ್ಗಾವಣೆ. 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಏಳು ನಿರ್ದೇಶನ ಕೊಟ್ಟಿತು. ಜಿಲ್ಲೆಯ ಎಸ್ಪಿಗೂ ಠಾಣೆಯ ಮುಖ್ಯಸ್ಥನಿಗೂ ಕನಿಷ್ಠ ಎರಡು ವರ್ಷ ಒಂದೇ ಕಡೆ ಇರಲು ಬಿಡಿ, ತನಿಖೆಯ ಕೆಲಸವನ್ನು ಬಂದೋಬಸ್ತಿನ ಕೆಲಸದಿಂದ ಬೇರೆ ಮಾಡಿ, ಪೊಲೀಸರ ಮೇಲೆ ದೂರು ಕೊಡಲು ರಾಜ್ಯಕ್ಕೂ ಜಿಲ್ಲೆಗೂ ಪ್ರಾಧಿಕಾರ ಮಾಡಿ ಎಂಬವು ಅದರಲ್ಲಿ ಮುಖ್ಯ. ನಮ್ಮ ರಾಜ್ಯ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಅಂಥ ಪ್ರಾಧಿಕಾರ ಬರೆದುಕೊಂಡಿತು. ನಮ್ಮ ಜಿಲ್ಲೆಯಲ್ಲಿ ಆ ಪ್ರಾಧಿಕಾರದ ಬಾಗಿಲು ಎಲ್ಲಿದೆ ಎಂದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಶಾಸಕರ ಪತ್ರದ ಮೇಲೆ ಬಂದ ಫೌಜದಾರ ಶಾಸಕರ ಪತ್ರದ ಮೇಲೇ ಹೋಗುತ್ತಾನೆ. ಆ ನಡುವೆ ಅವನು ಯಾರ ಫೋನು ಮೊದಲು ಎತ್ತುತ್ತಾನೆಂದು ನಾನು ಹೇಳಬೇಕಾಗಿಲ್ಲ. ಎರಡು ವರ್ಷ ಗಟ್ಟಿಯಾಗಿ ಕೂಡಲು ಬಿಡುವುದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ. ರೊಕ್ಕವಿಲ್ಲ ಎಂದು ಹೇಳಲು ಬಾರದ ಸುಧಾರಣೆ ಇದು, ಬಹುಶಃ ಅದಕ್ಕೇ ಇಷ್ಟು ಕಷ್ಟ.

ಹಾಗಾದರೆ ಕೇಳುಗರು ಏನು ಮಾಡಬೇಕು? ಮೊದಲು ನಿಮ್ಮ ಹಕ್ಕು ತಿಳಿದುಕೊಳ್ಳಿ. 2024ರ ಜುಲೈ 1ರಿಂದ ದಂಡಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 173ನೆಯ ಕಲಮಿನ ಪ್ರಕಾರ, ಪೊಲೀಸರು ತಾವಾಗಿಯೇ ತನಿಖೆ ಮಾಡಬಹುದಾದ ಅಪರಾಧದ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. "ನಮ್ಮ ಹದ್ದಿಗೆ ಬರೂದಿಲ್ಲ" ಎಂಬ ಮಾತಿಗೆ ಇನ್ನು ಅರ್ಥವಿಲ್ಲ. ರಬಕವಿಗೂ ಬನಹಟ್ಟಿಗೂ ನಡುವೆ ರಾಜ್ಯದ ಗಡಿ ಇದ್ದ ಕಾಲ ಹೋಯಿತು. ಮೊಬೈಲಿನಿಂದಲೂ ದೂರು ಕಳಿಸಬಹುದು, ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಠಾಣೆಯವರು ಬರೆದುಕೊಳ್ಳದಿದ್ದರೆ ಅದೇ ದೂರನ್ನು ಬಾಗಲಕೋಟೆಯ ಎಸ್ಪಿಯವರಿಗೆ ಅಂಚೆಯಲ್ಲಿ ಹಾಕಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಕೋರ್ಟು ಇದೆ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ನಿಮಗೆ ತಿಳಿಸುವುದು ಅವರ ಹೊಣೆ. ಯಾರನ್ನಾದರೂ ಹಿಡಿದರೆ ಪ್ರಯಾಣದ ಹೊತ್ತು ಬಿಟ್ಟು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅದು ಸಂವಿಧಾನದ 22ನೆಯ ವಿಧಿ. ಹಿಡಿದವನು ಕಳ್ಳನೇ ಇರಲಿ, ಅವನಿಗೂ ಆ 24 ತಾಸು ಉಂಟು. "ಕಳ್ಳನಿಗೆಂಥ ಕಾಯ್ದೆ, ಒದೀರಿ" ಎನ್ನುವವರು, ನಾಳೆ ತಮ್ಮ ಮಗನನ್ನು ಸುಳ್ಳು ಅನುಮಾನದ ಮೇಲೆ ಕರೆದೊಯ್ದಾಗ ಇದೇ ಕಲಮನ್ನು ಹುಡುಕುತ್ತಾರೆ.

ಇನ್ನೊಂದು ಕೆಲಸವೂ ಇದೆ. ಚುನಾವಣೆಗೆ ಮತ ಕೇಳಲು ಬಂದವರನ್ನು ಸಮುದಾಯ ಭವನಕ್ಕೆ, ಗುಡಿಯ ಕಳಸಕ್ಕೆ ಹಣ ಕೇಳುತ್ತೀರಿ. ಈ ಸಲ ಇದನ್ನೂ ಕೇಳಿ: ನಮ್ಮ ಠಾಣೆಗೆ ಮಂಜೂರಾದ ಪೊಲೀಸರೆಷ್ಟು, ಇರುವವರೆಷ್ಟು? ಕಾಗದಕ್ಕೆ, ಡೀಸೆಲ್ಲಿಗೆ, ತನಿಖೆಯ ಪ್ರಯಾಣಕ್ಕೆ ಕಳೆದ ವರ್ಷ ಸರ್ಕಾರದಿಂದ ಬಂದದ್ದೆಷ್ಟು? ವಿಧಾನಸಭೆಯಲ್ಲಿ ಇದನ್ನು ಕೇಳಿ ಉತ್ತರ ತನ್ನಿರಿ ಎನ್ನಿ. ಮಾಹಿತಿ ಹಕ್ಕಿನ ಅರ್ಜಿಯ ಶುಲ್ಕ ಹತ್ತೇ ರೂಪಾಯಿ. ಕಾಲೇಜಿಗೆ ಹೋಗುವ ನಿಮ್ಮ ಮಗಳಿಂದಲೇ ಬರೆಸಿ. ಗ್ರಾಮಸಭೆಗೆ ನಿಮ್ಮ ಬೀಟಿನ ಪೊಲೀಸರನ್ನು ಕರೆಯಿರಿ, ಅವರ ಅಡಚಣೆಯನ್ನೂ ಕೇಳಿಸಿಕೊಳ್ಳಿ.

ಕೊನೆಗೆ, ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕೆಂದು ಅದೇ 173ನೆಯ ಕಲಮಿನಲ್ಲಿ ಬರೆದಿದೆ. ಅದಕ್ಕೆ ರೀಮು ಕಾಗದವನ್ನೂ ತರಬೇಕಾಗಿಲ್ಲ, ಯಾರ ಕೈಯನ್ನೂ ಬಿಸಿ ಮಾಡಬೇಕಾಗಿಲ್ಲ. ಠಾಣೆಯಿಂದ ಹೊರಬೀಳುವ ಮೊದಲು ಕೇಳಿ ತೆಗೆದುಕೊಳ್ಳಿ.